ದಾರ ಕಟ್ಟಿದ ಪತ್ರಿಕೆ

ಆ ಪತ್ರಿಕೆ ದುಡ್ಡು ಕೊಟ್ಟು ತರುವಂಥದ್ದೋ ಅಲ್ಲವೋ ಎಂಬ ಮಾತು ಮಿತಾನಿಯವರ ಮನೆಯಲ್ಲಿ ಮೊದಲು ಎದ್ದದ್ದು ಅಕ್ಟೋಬರಿನ ಒಂದು ಸಂಜೆ, ಊಟಕ್ಕೆ ಕೂತಾಗ. ಎತ್ತಿದವಳು ಹಿನಾನೊ. ರೈಲಿನಲ್ಲಿ ಹೈಸ್ಕೂಲಿಗೆ ಹೋಗಿ ಬರುವ ಹುಡುಗಿ, ಬಾಯಲ್ಲಿ ಅನ್ನ ಇರುವಾಗಲೇ ಮಾತಾಡುವವಳು.

"ಅಮ್ಮ, ತೊಕಿವಾ ರೇಜಿ ಹೊಸದಾಗಿ ಮಾಸಪತ್ರಿಕೆ ಶುರು ಮಾಡಿದಾನೆ. ಬರೀ ಅಡುಗೇದು. ನನ್ನ ಕ್ಲಾಸಿನ ಮಾಹೊ ಮನೇಲಿ ತರಿಸ್ತಾರೆ. ಅವಳ ಊಟದ ಡಬ್ಬಿ ನೋಡ್ಬೇಕು ನೀನು."

"ಯಾವ ತೊಕಿವಾ?" ಅಂದ ತೊಮೊಹಿರೊ, ಅವಳಪ್ಪ.

"ಟೀವೀಲಿ ಬರ್ತಾನಲ್ಲ. ಈರುಳ್ಳಿ ಹೆಚ್ಚುವಾಗ ಹಾಡ್ತಾನಲ್ಲ."

"ಅವನಾ. ದಿನಾ ಬಿಳೀ ಅಂಗಿ ಹಾಕ್ಕೊಂಡು ಎಣ್ಣೇಲಿ ಕರೀತಾನೆ. ಅದನ್ನ ಒಗೆಯೋರು ಯಾರೋ ಪಾಪ," ಅಂದಳು ಕಿನುಯೊ. ತೊಮೊಹಿರೊನ ತಾಯಿ, ಎಪ್ಪತ್ತು ದಾಟಿದವಳು. ಆ ಮನೆಯ ಸೌಟು ಹಿಡಿದವಳು ಅವಳೇ.

"ಎಷ್ಟು ಅದಕ್ಕೆ?" ಎಂದು ಚಿಹಾರು ಮಗಳನ್ನು ಕೇಳಿದಳು.

"ಒಂಬೈನೂರ ಎಂಬತ್ತು ಯೆನ್."

"ಅಷ್ಟು ದುಡ್ಡಿಗೆ ಮೀನೇ ಬರುತ್ತೆ," ಅಂದ ತೊಮೊಹಿರೊ. ಅವನು ಬಂದರಿನ ಮೀನು ಸಹಕಾರ ಸಂಘದಲ್ಲಿ ಕೆಲಸಕ್ಕಿದ್ದ. ಜಗತ್ತಿನ ಎಲ್ಲ ಬೆಲೆಯನ್ನೂ ಮೀನಿನಲ್ಲೇ ಲೆಕ್ಕ ಹಾಕುತ್ತಿದ್ದ.

ಆಗ ಚಿಹಾರು ಆ ಮಾತು ಆಡಿದಳು. ಬದನೆಕಾಯಿಯ ಬಟ್ಟಲಿಗೆ ಊಟದ ಕಡ್ಡಿ ಚಾಚುತ್ತಾ, ನಗುತ್ತಾ, ಯೋಚನೆಯೇ ಇಲ್ಲದೆ ಆಡಿದಳು. "ಮನೇಲಿ ಅತ್ತೆ ಇಲ್ಲದೋರು ತರಿಸ್ಕೊಳ್ಳಲಿ ಬಿಡು. ಅಡುಗೆ ಬಾರದೋರು ಕೊಳ್ಳೋ ಪುಸ್ತಕ ಅದು. ನಮಗ್ಯಾಕೆ? ನಮ್ಮನೇಲಿ ಅತ್ತೆ ಇದಾರೆ. ಅತ್ತೆ ಅಂದ್ರೆ ಅತ್ತೆನೇ."

"ಅಮ್ಮ ಅಂದ್ರೆ ಅಮ್ಮನೇ," ಎಂದು ತೊಮೊಹಿರೊ ದನಿಗೂಡಿಸಿದ. ಅದು ಆ ಮನೆಯ ಪಲ್ಲವಿ. ಕೈಮುಗಿದು ಊಟ ಶುರು ಮಾಡುವುದು ಹೇಗೋ ಹಾಗೆ, ಮೊದಲ ತುತ್ತಿಗೆ ಈ ಮಾತು ಬೀಳಬೇಕು.

ಕಿನುಯೊ ತಲೆ ತಗ್ಗಿಸಿ, "ಸಾಕು ಸಾಕು, ಮುದುಕಿಗೆ ಯಾಕೆ ಬೆಣ್ಣೆ ಹಚ್ತೀರಿ," ಅಂದಳು. ಅಂದು ಸೊಸೆಯ ಬಟ್ಟಲಿಗೆ ಇನ್ನೊಂದು ಹೋಳು ಹಾಕಿದಳು.

ಹಿನಾನೊ ಸೋಯಾಕಾಳಿನ ಮಿಸೊ ಸಾರಿನ ಬಟ್ಟಲೆತ್ತಿ ಒಂದು ಗುಟುಕು ಕುಡಿದು ಕೆಳಗಿಟ್ಟಳು. ಅಮ್ಮನ ಮುಖ ನೋಡಿದಳು. ಅಮ್ಮ ಕಣ್ಣಿನಲ್ಲೇ ಸುಮ್ಮನಿರು ಅಂದಳು. ಸಾರು ಸಮುದ್ರದ ನೀರಾಗಿತ್ತು.

ಚಿಹಾರು ಈ ಮನೆಗೆ ಬಂದಾಗ ಅವಳಿಗೆ ಮೂಲಂಗಿ ಸಿಪ್ಪೆ ತೆಗೆಯಲೂ ಬರುತ್ತಿರಲಿಲ್ಲ. ಮೊದಲ ವರ್ಷವಿಡೀ ಅತ್ತೆ ಬಾಯಿಗೆ ಬಂದದ್ದು ಆಡಿದಳು. "ಇದು ಮೂಲಂಗಿಯೋ ಪೆನ್ಸಿಲ್ಲೋ" ಎಂದು ಹೆಚ್ಚಿದ್ದನ್ನು ಅಕ್ಕಪಕ್ಕದವರಿಗೂ ಎತ್ತಿ ತೋರಿಸಿದ್ದುಂಟು. ಎರಡನೆಯ ವರ್ಷ ಚಿಹಾರುಗೆ ಒಂದು ದಾರಿ ಹೊಳೆಯಿತು: ಹೊಗಳುವುದು. ಹೊಗಳಿದಷ್ಟೂ ಅತ್ತೆ ಅಡುಗೆಮನೆಯ ಕಡೆಗೆ ಸರಿದಳು, ಚಿಹಾರು ಅಲ್ಲಿಂದ ಹೊರಗೆ ಸರಿದಳು. ಬಟ್ಟೆ, ಪಾತ್ರೆ, ಸ್ನಾನದ ಮನೆ, ಕಸ ಬೇರೆ ಮಾಡಿ ಹಾಕುವುದು, ಓಣಿಯ ಸಭೆಗೆ ಹೋಗುವುದು ಇವೆಲ್ಲ ಸೊಸೆಯದು. ಬೆಂಕಿ, ಚಾಕು, ಉಪ್ಪು ಅತ್ತೆಯದು. ಸೊಸೆ ಬೆಳಿಗ್ಗೆ ಸೈಕಲ್ ಹತ್ತಿ ಕೈಗವಸು ಹೊಲಿಯುವ ಕಾರ್ಖಾನೆಗೆ ಹೋಗಿ, ಹೊಲಿದ ಬೆರಳುಗಳು ಸರಿಯಾಗಿವೆಯೇ ಎಂದು ದಿನವಿಡೀ ತನ್ನ ಕೈ ತೂರಿಸಿ ನೋಡಿ, ಸಂಜೆ ಬಂದರೆ ಬಿಸಿ ಊಟ ಸಿದ್ಧವಿರುತ್ತಿತ್ತು.

ಕಿನುಯೊ ಚಮಚದಲ್ಲಿ ಅಳೆದವಳಲ್ಲ. ಪ್ರತಿ ಫೆಬ್ರವರಿ ಓಣಿಯ ಹೆಂಗಸರೆಲ್ಲ ಸೇರಿ ಸೋಯಾಕಾಳು ಬೇಯಿಸಿ ಪೀಪಾಯಿಗೆ ಮಿಸೊ ತುಂಬುವಾಗ, ಮುಷ್ಟಿಯಲ್ಲಿ ಉಪ್ಪು ತೆಗೆದು ಎರಚುವ ಹಕ್ಕು ಅವಳೊಬ್ಬಳದೇ. ಕಿನುಯೊ ಅವರದು ಕಣ್ಣಲ್ಲ, ತಕ್ಕಡಿ ಎನ್ನುತ್ತಿದ್ದರು. ಬೇಸಿಗೆ ಕಳೆದದ್ದೇ ಆ ತಕ್ಕಡಿ ಎಲ್ಲಿಯೋ ವಾಲಿತು. ಒಂದು ದಿನ ಸಾರು ಉಪ್ಪುಪ್ಪು, ಇನ್ನೊಂದು ದಿನ ಬರೀ ಬಿಸಿನೀರು. ಯಾರೂ ಏನೂ ಅನ್ನಲಿಲ್ಲ. ಚಿಹಾರು ತನ್ನ ಬಟ್ಟಲಿನದನ್ನು ಪಾತ್ರೆ ತೊಳೆಯುವ ನೆಪದಲ್ಲಿ ಮೋರಿಗೆ ಸುರಿದಳು. ಮುಖ ಮಾತ್ರ ತೃಪ್ತಿಯಿಂದ ಇಟ್ಟುಕೊಂಡಳು.

ಭಾನುವಾರ ಸೀಮೆಎಣ್ಣೆ, ಅಕ್ಕಿ ತರಲು ಗಂಡ ಹೆಂಡತಿ ದೊಡ್ಡ ಅಂಗಡಿಗೆ ಹೋದರು. ಕಾರು ನಿಲ್ಲಿಸುವ ಜಾಗದಲ್ಲಿ, ಕಿಟಕಿ ಏರಿಸಿಕೊಂಡು, ಮಾತಾಯಿತು.

"ನೀವೇ ಹೇಳಿ. ನಿಮ್ಮಮ್ಮ," ಅಂದಳು ಚಿಹಾರು.

"ನಾನು ಹೆಂಗೆ ಹೇಳಲಿ? ಹುಟ್ಟಿದಾಗಿಂದ ಅವಳ ಕೈ ಅನ್ನ ತಿಂದು ಬೆಳೆದಿದೀನಿ. ಈಗ ಉಪ್ಪು ಜಾಸ್ತಿ ಅಂದ್ರೆ ನಾಲಿಗೆ ಬಿದ್ದುಹೋಗುತ್ತೆ."

"ಹೇಳದಿದ್ರೆ ಬಿಪಿ ಏರಿ ನೀವೇ ಬಿದ್ದುಹೋಗ್ತೀರಿ."

"ಅಡುಗೆಮನೆ ವಿಷಯ ಹೆಂಗಸರದು. ನೀನು ಮೆತ್ತಗೆ ಹೇಳು."

"ನಾನು ಹೇಳಿದ್ರೆ ಸೊಸೆ ಹಂಗಿಸಿದಳು ಅಂತ ಆಗುತ್ತೆ. ನೀವು ಹೇಳಿದ್ರೆ ಮಗ ಹೇಳಿದ ಅಂತ ಆಗುತ್ತೆ."

ತೊಮೊಹಿರೊ ಸ್ಟಿಯರಿಂಗ್ ಮೇಲೆ ಬೆರಳು ಬಡಿದ. "ಸರಿ, ಹೇಳ್ದೆ ಅನ್ಕೊ. ಅಮ್ಮ ಬೇಜಾರು ಮಾಡ್ಕೊಂಡು ಸೌಟು ಕೆಳಗಿಡ್ತಾಳೆ. ಆಮೇಲೆ ಅಡುಗೆ ನೀನು ಮಾಡ್ತೀಯಾ?"

ಚಿಹಾರು ಅಂಗಡಿಯ ರಸೀದಿಯನ್ನು ಎರಡಾಗಿ, ನಾಲ್ಕಾಗಿ ಮಡಿಚಿದಳು. "ಈ ವಾರ ಬೇಡ," ಅಂದಳು. "ನೋಡೋಣ."

ನವೆಂಬರ್ ಬಂತು. ಚಳಿಗೆ ಸೀಮೆಎಣ್ಣೆ ಒಲೆ ಹಚ್ಚಿ ಅದರ ಮೇಲೆ ಕೆಟಲಿ ಏರಿಸಿದರು. ಆ ತಿಂಗಳು ಮಿತಾನಿ ಮನೆಯ ಮೇಜಿಗೆ ಎಂದೂ ಕಾಣದ ಪದಾರ್ಥಗಳು ಬರತೊಡಗಿದವು. ವಿನಿಗರ್ ಹಾಕಿ ಬೇಯಿಸಿದ ಕೋಳಿ. ಹಾಲಿನಲ್ಲಿ ಕುದಿಸಿದ ಎಲೆಕೋಸು. ಎಳ್ಳು ಮೆತ್ತಿ ಹುರಿದ ಕಮಲದ ಬೇರು. ಸಾರಿನದು ಹಳೆಯ ಪಾಡೇ. ಆದರೆ ಈ ಹೊಸವು ಒಂದಕ್ಕಿಂತ ಒಂದು ರುಚಿಯಾಗಿದ್ದವು.

"ಅತ್ತೆ, ಇದನ್ನ ಎಲ್ಲಿ ಕಲಿತ್ರಿ?"

"ಕಲಿಯೋದೇನು. ಕೈ ತಾನೇ ಮಾಡುತ್ತೆ."

ಹಿನಾನೊ ಕೋಳಿಯ ತುಂಡನ್ನು ಕಡ್ಡಿಯಲ್ಲಿ ತಿರುಗಿಸಿ ನೋಡಿದಳು. "ಅಜ್ಜಿ, ಮಾಹೊ ಡಬ್ಬೀಲಿ ಇದೇ ಇತ್ತು. ತೊಕಿವಾನದು."

"ಹಂಗಾದ್ರೆ ಆ ಹುಡುಗ ನನ್ನ ಕಿಟಕಿ ಹತ್ರ ನಿಂತು ನೋಡ್ಕೊಂಡು ಹೋಗಿರ್ಬೇಕು," ಅಂದಳು ಕಿನುಯೊ. ಎಲ್ಲರೂ ನಕ್ಕರು. ಸಾರು ಕುಡಿಯುವ ಹೊತ್ತಿಗೆ ನಗು ನಿಂತಿತು.

ಚಿಹಾರುಗೆ ಆಮೇಲೆ ನೆನಪಾದದ್ದು ಒಂದು. ಅವಳಿಗೆ ರಜೆಯಿದ್ದ ಒಂದು ದಿನ ಅತ್ತೆ ಪೇಟೆಯಿಂದ ಬಂದವಳು, ಬಾಗಿಲಲ್ಲಿ 'ಬಂದೆ' ಎಂದೂ ಕೂಗದೆ, ಚಪ್ಪಲಿಯನ್ನು ಅಡ್ಡಾದಿಡ್ಡಿ ಬಿಟ್ಟು ನೇರ ಅಡುಗೆಮನೆಗೆ ನಡೆದಿದ್ದಳು. ತುಟಿ ಅಲ್ಲಾಡುತ್ತಿತ್ತು. "ಎರಡು, ಎರಡು, ಒಂದು, ಅರ್ಧ. ಎರಡು, ಎರಡು, ಒಂದು, ಅರ್ಧ."

"ಏನತ್ತೆ ಅದು, ಮಂತ್ರಾನಾ?" ಎಂದು ಚಿಹಾರು ಕೇಳಿದ್ದಕ್ಕೆ ಮುದುಕಿ ಕೈಯೆತ್ತಿ ಸನ್ನೆ ಮಾಡಿದಳು, ಮಾತಾಡಿಸಬೇಡ ಎಂದು. ಬಟ್ಟಲಿಗೆ ಸೋಯಾ, ಸಕ್ಕರೆ ಸುರಿದ ಮೇಲೆ ಉಸಿರು ಬಿಟ್ಟು, "ಹಾಂ, ಏನಂದೆ?" ಅಂದಳು.

ಡಿಸೆಂಬರಿನ ಮೊದಲ ವಾರ ಕಾರ್ಖಾನೆಯಲ್ಲಿ ಚಿಹಾರುಗೆ ಫೋನು ಬಂತು. ಮೇಲ್ವಿಚಾರಕಿ ಬಂದು ಕರೆದಾಗ ಅವಳ ಕೈ ಚರ್ಮದ ಕೈಗವಸಿನೊಳಗಿತ್ತು. ಹಾಗೆಯೇ ಓಡಿದಳು. ಅತ್ತೆ ಬಿದ್ದರೇನೋ ಎಂದುಕೊಂಡಳು.

"ಪುಸ್ತಕದಂಗಡಿಯ ಮಿಯಾತಾಕೆ ನಾನು. ಗಾಬರಿ ಬೇಡ, ಯಾರಿಗೂ ಏನೂ ಆಗಿಲ್ಲ. ಸ್ವಲ್ಪ ಬಂದು ಹೋದ್ರೆ ಒಳ್ಳೇದಿತ್ತು. ಅಮ್ಮ ಇಲ್ಲೇ ಕೂತಿದಾರೆ."

ಮಿಯಾತಾಕೆಯ ಅಂಗಡಿ ತರಕಾರಿ ಅಂಗಡಿಯ ಪಕ್ಕಕ್ಕೇ ಇತ್ತು. ಪತ್ರಿಕೆಗಳ ಸಾಲಿನ ಮುಂದೆ ಎಂದಿನಂತೆ ಮೂರು ನಾಲ್ಕು ಜನ ನಿಂತು ಓದುತ್ತಿದ್ದರು. ನಿಂತು ಓದಿ, ಮತ್ತೆ ಇಟ್ಟು, ಹೋಗುವುದು. ಅದಕ್ಕೆ ಯಾರೂ ಯಾರನ್ನೂ ಏನೂ ಅನ್ನುವುದಿಲ್ಲ. ಕಿನುಯೊ ಗಲ್ಲಾದ ಹಿಂದೆ ಒಂದು ಸ್ಟೂಲಿನ ಮೇಲೆ ಕೂತಿದ್ದಳು. ಕೈಯಲ್ಲಿ ಅವರು ಕೊಟ್ಟ ಚಹಾ. ಕುಡಿದಿರಲಿಲ್ಲ. ಕಾಲ ಬಳಿ ತರಕಾರಿ ಚೀಲ, ಅದರಿಂದ ಉದ್ದನೆಯ ಈರುಳ್ಳಿ ತೊಪ್ಪಲು ಹೊರಗೆ ಚಾಚಿತ್ತು.

ಮಿಯಾತಾಕೆ ಚಿಹಾರುವನ್ನು ಪಕ್ಕಕ್ಕೆ ಕರೆದ. ತಪ್ಪು ತನ್ನದೇ ಎಂಬ ಹಾಗೆ ಕೈ ಹೊಸೆಯುತ್ತಾ ಮಾತಾಡಿದ.

"ನಿಂತು ಓದೋರನ್ನ ನಾನು ಯಾವತ್ತೂ ಏನೂ ಅಂದಿಲ್ಲ. ನಿಮ್ಮತ್ತೆ ಹೋದ ತಿಂಗಳೆಲ್ಲ ಬರ್ತಿದ್ರು, ಒಂದೇ ಪತ್ರಿಕೆ ಓದ್ತಿದ್ರು, ಹೋಗ್ತಿದ್ರು. ಈ ಸಲದ್ದಕ್ಕೆ ಒಂದು ಉಡುಗೊರೆ ಇಟ್ಟಿದಾರೆ, ಅಳತೆ ಚಮಚ. ಅದು ಬೀಳಬಾರದು ಅಂತ ದಾರ ಕಟ್ಟಿ ಕಳಿಸ್ತಾರೆ. ದಾರ ಕಟ್ಟಿದ್ಮೇಲೆ ಬಿಚ್ಚೋಕೆ ಬರಲ್ಲ. ಇವರು ಕತ್ತರಿ ತಂದಿದ್ರು."

"ಕತ್ತರಿ."

"ಉಗುರು ಕತ್ತರಿಸೋ ಚಿಕ್ಕದು. ದಾರ ಕತ್ತರಿಸಿದ್ರು. ಅದೂ ಹೋಗ್ಲಿ ಅಂತಿದ್ದೆ. ಒಂದು ಪುಟ ಹರಿದುಬಿಟ್ರು. ನನ್ನ ಹೆಂಡತಿ ನೋಡಿ ಕೂಗಿಬಿಟ್ಟಳು, ಅದು ನಮ್ಮ ತಪ್ಪು. ಅಷ್ಟು ಜನರ ಮುಂದೆ ಕೂಗಬಾರದಿತ್ತು."

ಚಿಹಾರು ಕ್ಷಮೆ ಕೇಳುತ್ತಾ ಬಗ್ಗಿದಳು. ಎಷ್ಟು ಬಗ್ಗಿದಳೆಂದರೆ ಅವನ ಚಪ್ಪಲಿಯ ಹರಿದ ಅಂಚು ಕಂಡಿತು. ಅವನೂ ಬಗ್ಗಿದ. ಅವಳು ಇನ್ನೂ ಬಗ್ಗಿದಳು. ಪತ್ರಿಕೆಯ ಸಾಲಿನಲ್ಲಿ ನಿಂತವರು ಪುಟ ತಿರುಗಿಸುವುದನ್ನು ನಿಲ್ಲಿಸಿದ್ದರು. ಅವರಲ್ಲಿ ಒಬ್ಬಾಕೆ ಓಣಿಯ ಮಿಸೊ ಗುಂಪಿನವಳು. ಅವಳು ಹೊಲಿಗೆ ಪತ್ರಿಕೆಯನ್ನು ಮುಖದ ಮಟ್ಟಕ್ಕೆ ಎತ್ತಿ ಹಿಡಿದಿದ್ದಳು.

"ಅದನ್ನ ನಾನು ತಗೊಳ್ತೀನಿ," ಅಂದಳು ಚಿಹಾರು.

"ಬೇಡ ಬೇಡ, ದುಡ್ಡು ಬೇಡ."

"ತಗೊಳ್ಳಿ. ದಯವಿಟ್ಟು ತಗೊಳ್ಳಿ."

ಅವನು ದುಡ್ಡು ತೆಗೆದುಕೊಂಡ. ಆಮೇಲೆ, ಕೇಳದೆಯೇ, ಪತ್ರಿಕೆಗೆ ಕಂದು ಕಾಗದದ ಹೊದಿಕೆ ಹಾಕಿದ. ಯಾರು ಏನು ಓದುತ್ತಾರೆಂದು ದಾರಿಯಲ್ಲಿ ಕಾಣಬಾರದೆಂದು ಆ ಅಂಗಡಿಯಲ್ಲಿ ಎಲ್ಲ ಪುಸ್ತಕಕ್ಕೂ ಹಾಗೆ ಹಾಕಿಕೊಡುತ್ತಿದ್ದರು. ಕಿನುಯೊ ಆ ಕಂದು ಕಾಗದವನ್ನೇ ನೋಡುತ್ತಿದ್ದಳು.

ಮನೆಯ ದಾರಿಯಲ್ಲಿ ಚಿಹಾರು ಸೈಕಲನ್ನು ತಳ್ಳಿಕೊಂಡು ನಡೆದಳು. ಅತ್ತೆ ಪಕ್ಕದಲ್ಲಿ. ಸೇತುವೆ ಬಂತು.

"ಕೊಂಡ್ಕೊಂಡಿದ್ರೆ ಆಗ್ತಿತ್ತಲ್ಲ ಅತ್ತೆ," ಅಂದಳು ಕೊನೆಗೆ. ಮೆಲ್ಲಗೆ ಅಂದಳು ಎಂದು ಅವಳೇ ಅಂದುಕೊಂಡಿದ್ದಳು.

"ಅಡುಗೆ ಬಾರದೋರು ಕೊಳ್ಳೋ ಪುಸ್ತಕ," ಅಂದಳು ಕಿನುಯೊ.

ಅದರಲ್ಲಿ ಕೊಂಕಿರಲಿಲ್ಲ. ಯಾರೋ ಹೇಳಿಕೊಟ್ಟ ಊರಿನ ಹೆಸರು ಹೇಳುವ ಹಾಗೆ ಹೇಳಿದಳು. ಚಿಹಾರುಗೆ ಕಿವಿಯಿಂದ ಕತ್ತಿನವರೆಗೆ ಬಿಸಿಯೇರಿತು. ಸೈಕಲಿನ ಬ್ರೇಕನ್ನು ಸುಮ್ಮನೆ ಒಮ್ಮೆ ಒತ್ತಿದಳು.

"ಮಿಯಾತಾಕೆ ಹೆಂಡತಿ ಊರಿಗೆಲ್ಲ ಸಾರ್ತಾಳೆ, ಮಿತಾನಿ ಮುದುಕಿ ಟೀವಿ ಹುಡುಗನ ಪುಸ್ತಕ ಕೊಂಡಳು ಅಂತ. ಅದಕ್ಕೆ ಕೊಳ್ಳಲಿಲ್ಲ. ಈಗ ಏನು ಸಾರ್ತಾಳೋ," ಅಂದಳು ಕಿನುಯೊ. ನಿಂತು, ಚೀಲದಲ್ಲಿ ಕೈಹಾಕಿ, ತೋಫು ಪೊಟ್ಟಣದ ಕೆಳಗಿಂದ ಮಡಿಚಿದ ಪುಟವನ್ನು ತೆಗೆದು ಕೊಟ್ಟಳು. ಅಂಗಡಿಯವನು ಅದನ್ನು ಕೇಳಿರಲಿಲ್ಲ. ಮೂಲೆ ಒದ್ದೆಯಾಗಿತ್ತು.

ಚಿಹಾರು ಬಿಚ್ಚಿದಳು. ಹಬ್ಬದ ಯಾವುದೋ ದೊಡ್ಡ ಅಡುಗೆ ಇರಬೇಕೆಂದುಕೊಂಡಿದ್ದಳು. ಪುಟದ ನೆತ್ತಿಯಲ್ಲಿ ಬರೆದಿತ್ತು: ಮೊದಲ ಪಾಠ. ನಾಲ್ವರಿಗೆ ಮಿಸೊ ಸಾರು.

"ಹಾಕಿದೆನೋ ಇಲ್ಲವೋ ಗೊತ್ತಾಗಲ್ಲ," ಅಂದಳು ಕಿನುಯೊ, ನದಿಯ ಕಡೆ ನೋಡುತ್ತಾ. "ಹಾಕಿರ್ತೀನಿ, ತಿರುಗಿ ನೋಡಿದ್ರೆ ಕೈ ಮತ್ತೆ ಡಬ್ಬೀಲಿರುತ್ತೆ. ರುಚಿ ನೋಡಿದ್ರೆ ಬಿಸಿ ಒಂದೇ ಗೊತ್ತಾಗುತ್ತೆ. ಆದ್ರೆ ನೀವ್ಯಾರೂ ಏನೂ ಅಂದಿಲ್ಲ. ಹಂಗಾದ್ರೆ ಸರಿಯಾಗೇ ಇದೆ ಅಲ್ವಾ, ಚಿಹಾರು? ಸಾರು?"

ಅಲ್ಲಿಯೇ ಹೇಳಬಹುದಿತ್ತು. ಸೇತುವೆಯ ಮೇಲೆ ಯಾರೂ ಇರಲಿಲ್ಲ.

"ಸರಿಯಾಗೇ ಇದೆ ಅತ್ತೆ," ಅಂದಳು ಚಿಹಾರು. "ಪುಸ್ತಕ ನನಗೇ ಬೇಕಿತ್ತು ಅಂತ ಹೇಳೋಣ. ನಾನು ಕಲೀತೀನಿ ಅಂತ."

"ತೊಮೊಹಿರೊಗೆ ಹೇಳ್ಬೇಡ."

"ಇಲ್ಲ."

ಆ ಸಂಜೆ ಕಂದು ಹೊದಿಕೆ ತೆಗೆದು ಪತ್ರಿಕೆಯನ್ನು ಚಿಹಾರು ಮೇಜಿನ ಮೇಲೆ ಇಟ್ಟಳು. ಹರಿದ ಪುಟವನ್ನು ಅಂಟಿನ ಪಟ್ಟಿಯಿಂದ ಅಂಟಿಸಿದ್ದಳು. ಹಿನಾನೊ ಮೊದಲು ನೋಡಿದಳು.

"ನಾನು ಕೇಳಿದಾಗ ಬೇಡ ಅಂದೆ."

"ಈಗ ಬೇಕು ಅನ್ನಿಸ್ತು. ನಾನು ಅಡುಗೆ ಕಲೀತೀನಿ."

ತೊಮೊಹಿರೊ ಕಡ್ಡಿ ಕೆಳಗಿಟ್ಟ. "ಯಾಕೆ, ಮನೆ ಬಿಟ್ಟು ಹೋಟೆಲು ಇಡ್ತೀಯಾ?"

"ಅಡುಗೆ ಬಾರದೋರು ಕೊಳ್ಳೋ ಪುಸ್ತಕ ಅಂದವಳು ನೀನೇ ಅಲ್ವಾ ಅಮ್ಮ."

"ಹೌದು. ನನಗೆ ಬರಲ್ಲ, ಕೊಂಡೆ."

ಕಿನುಯೊ ಪತ್ರಿಕೆಯನ್ನು ತನ್ನ ಕಡೆ ಎಳೆದುಕೊಂಡು, ಕನ್ನಡಕ ಏರಿಸಿ, ಮೊದಲ ಸಲ ನೋಡುವವಳ ಹಾಗೆ ಪುಟ ಮಗುಚಿದಳು. "ನೋಡ್ರಪ್ಪ, ಮಿಸೊ ಸಾರಿಗೂ ಪಾಠ. ಇನ್ನು ಅನ್ನಕ್ಕೆ ನೀರು ಹಾಕಿ ಅಂತಾನೂ ಬರೆದಿರ್ತಾನೆ. ಹದಿನೇಳು ವರ್ಷ ನನ್ನ ಪಕ್ಕದಲ್ಲಿದ್ದು ಸೊಸೆ ಇದನ್ನ ಪುಸ್ತಕದಲ್ಲಿ ನೋಡಿ ಕಲೀತಾಳಂತೆ. ಇದರ ಪುಟ ಯಾಕೆ ಹಿಂಗೆ ಹರಿದಿದೆ?"

"ಸೈಕಲ್ ಬುಟ್ಟೀಲಿ ಸಿಕ್ಕಿಹಾಕ್ಕೊಂಡ್ತು ಅತ್ತೆ."

"ಪೆನ್ಸಿಲ್ ಮೂಲಂಗಿಯವಳು," ಅಂದಳು ಕಿನುಯೊ ಮಗನಿಗೆ. ಮಗ ನಕ್ಕ. ಚಿಹಾರು ಕೂಡ ನಕ್ಕಳು. ಎಷ್ಟು ಬೇಕಾದರೂ ಅನ್ನಲಿ ಎಂದು ತಲೆ ಬಗ್ಗಿಸಿ ಕೂತಳು. ಅತ್ತೆಯ ದನಿ ಬಹಳ ದಿನಗಳ ಮೇಲೆ ಗಟ್ಟಿಯಾಗಿತ್ತು.

ಮರುದಿನ ಚಿಹಾರು ಒಳ್ಳೆಯ ಅಂಗಡಿಯಿಂದ ಒಂದು ಪೆಟ್ಟಿಗೆ ಸಿಹಿ ಕೊಂಡು ಮಿಯಾತಾಕೆಯ ಅಂಗಡಿಗೆ ಹೋಗಿ ಮತ್ತೊಮ್ಮೆ ಬಗ್ಗಿ ಬಂದಳು. ಮಿಯಾತಾಕೆಯ ಹೆಂಡತಿ ಎರಡು ಕೈಯಲ್ಲಿ ಪೆಟ್ಟಿಗೆ ತೆಗೆದುಕೊಂಡು, "ವಯಸ್ಸಾದ್ಮೇಲೆ ಹೀಗೇ. ಮನೇಲಿ ನೀವು ಸ್ವಲ್ಪ ನೋಡ್ಕೋಬೇಕಿತ್ತು," ಅಂದಳು. ಚಿಹಾರು ಹೌದು ಅಂದಳು.

ಅಂದಿನಿಂದ ಸಂಜೆಯ ಅಡುಗೆಯ ಹೊತ್ತಿಗೆ ಚಿಹಾರು ಅಡುಗೆಮನೆಯಲ್ಲಿ ನಿಂತಳು. ಪತ್ರಿಕೆ ಅವಳ ಕೈಯಲ್ಲಿ, ಸೌಟು ಅತ್ತೆಯ ಕೈಯಲ್ಲಿ. ಉಡುಗೊರೆಯ ಚಮಚಗಳು ಕಿಟಕಿಯ ಮೊಳೆಗೆ ತೂಗುಬಿದ್ದಿದ್ದವು, ದೊಡ್ಡದು, ನಡುವಿನದು, ಚಿಕ್ಕದು.

"ಅತ್ತೆ, ನಾಲ್ವರಿಗೆ ಮಿಸೊ ದೊಡ್ಡ ಚಮಚದಲ್ಲಿ ಮೂರು ಅಂತ ಬರೆದಿದಾನೆ. ನೀವೇನಂತೀರಿ?"

"ಅವನದು ಅಂಗಡಿ ಮಿಸೊ. ನಮ್ಮದು ಪೀಪಾಯಿದು, ಉಪ್ಪು ಖಡಕ್ಕು. ಎರಡೂವರೆ ಹಾಕು."

"ಒಂದು. ಎರಡು. ಅರ್ಧ."

"ನೀರು ಕುದಿಯೋವಾಗ ಹಾಕ್ಬೇಡ, ಗಂಧ ಹೋಗುತ್ತೆ. ಇದನ್ನ ಬರೆದಿದಾನಾ?"

"ಬರೆದಿದಾನೆ."

"ಪರವಾಗಿಲ್ಲ ಹಂಗಾದ್ರೆ. ಅಮ್ಮ ಚೆನ್ನಾಗಿ ಬೆಳೆಸಿದಾಳೆ."

ಸಾರು ಮತ್ತೆ ಸಾರಾಯಿತು. ಒಣಮೀನಿನ ಗಂಧ, ಎಲೆಕೋಸಿನ ಸಿಹಿ. ತೊಮೊಹಿರೊ ಎರಡನೇ ಬಟ್ಟಲು ಕೇಳಿದ. ಹಿನಾನೊ ಅಜ್ಜಿ ಶಾಲೆಗೆ ಕಟ್ಟಿಕೊಟ್ಟ ಡಬ್ಬಿಯನ್ನು ಖಾಲಿ ಮಾಡಿ ತಂದಳು. ಕಾರಿನಲ್ಲಿ ತೊಮೊಹಿರೊ ಹೆಂಡತಿಗೆ, "ನೋಡಿದ್ಯಾ, ಸುಮ್ಮನಿದ್ರೆ ತಾನೇ ಸರಿಹೋಗುತ್ತೆ ಅಂದಿರ್ಲಿಲ್ವಾ," ಅಂದ. ಅವನು ಹಾಗೆ ಅಂದಿರಲಿಲ್ಲ. ಚಿಹಾರು ತಿದ್ದಲಿಲ್ಲ. ಮೇಜಿನ ಸುತ್ತ ಪಲ್ಲವಿ ಮತ್ತೆ ಕೇಳಿತು, ಅಮ್ಮ ಅಂದ್ರೆ ಅಮ್ಮನೇ. ಒಂಬೈನೂರ ಎಂಬತ್ತಕ್ಕೆ ಇಷ್ಟು ಸಿಕ್ಕಿದ್ದು ಅಗ್ಗವಾಯಿತು ಎಂದು ಚಿಹಾರು ಲೆಕ್ಕ ಹಾಕಿದಳು. ಹೇಳಬೇಕಾದದ್ದನ್ನು ಹೇಳದೆಯೇ ಪಾರಾಗಿದ್ದಳು.

ವರ್ಷದ ಕೊನೆಯ ವಾರ ಕಾರ್ಖಾನೆಯಲ್ಲಿ ಮಾಲು ಕಳಿಸುವ ಗಡಿಬಿಡಿ. ಒಂದು ದಿನ ಎಲ್ಲರಿಗೂ ಎರಡು ತಾಸು ಹೆಚ್ಚು ಕೆಲಸ ಬಿತ್ತು. ಚಿಹಾರು ಮನೆಗೆ ಫೋನು ಮಾಡಿ, "ಅತ್ತೆ, ನಾನು ಬರೋವರೆಗೂ ತಡೀರಿ, ಸಾರು ಆಮೇಲೆ ಮಾಡೋಣ," ಅಂದಳು. ಬಂದು ನೋಡಿದರೆ ಮೇಜು ಸಿದ್ಧವಾಗಿತ್ತು. ಸುಟ್ಟ ಮೀನು, ಉಪ್ಪಿನಕಾಯಿ, ಅನ್ನ. ಹೊಗೆಯಾಡುವ ನಾಲ್ಕು ಬಟ್ಟಲು. ಚಮಚಗಳು ತೊಳೆದು, ಒರೆಸಿ, ಮೊಳೆಗೆ ಸಾಲಾಗಿ ತೂಗಿದ್ದವು. ಪತ್ರಿಕೆ ಅಂಟಿಸಿದ ಪುಟಕ್ಕೆ ತೆರೆದಿತ್ತು.

"ಇವರು ಹಸಿದಿದ್ರು. ನಿನ್ನ ಪುಸ್ತಕ ನೋಡ್ಕೊಂಡೇ ಮಾಡಿದೀನಿ," ಅಂದಳು ಕಿನುಯೊ. "ಒಂದು, ಎರಡು, ಅರ್ಧ."

ಕೈಮುಗಿದರು. ಬಟ್ಟಲು ಎತ್ತಿದರು.

ಅಷ್ಟು ಉಪ್ಪು ಅಕ್ಟೋಬರಿನಲ್ಲೂ ಇರಲಿಲ್ಲ. ಒಂದು, ಎರಡು, ಅರ್ಧ, ಮತ್ತೆ ಒಂದು, ಎರಡು, ಅರ್ಧ. ಮೂರನೆಯ ಸಲವೂ ಆಗಿರಬಹುದು. ಹಿನಾನೊನ ಕಣ್ಣಲ್ಲಿ ನೀರು ಬಂತು. ತೊಮೊಹಿರೊ ಗಂಟಲಿನಿಂದ ಕೆಳಗಿಳಿಸಿದ, ಬಾಯೊರೆಸಿಕೊಂಡ.

"ಅಮ್ಮ ಅಂದ್ರೆ ಅಮ್ಮನೇ," ಅಂದ.

ಕಿನುಯೊ ಮಗನ ಕಡೆ ನೋಡಲಿಲ್ಲ. ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದು ಸೊಸೆಯ ಕಡೆ ತಿರುಗಿ ಕೂತಿದ್ದಳು.

"ಚಿಹಾರು, ಹೆಂಗಿದೆ?"

ಚಿಹಾರು ಬಾಯಿ ತೆರೆದಳು. ಹಳೆಯ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅತ್ತೆಯ ಬೆರಳುಗಳು ಬಟ್ಟಲಿನ ಸುತ್ತ ಬಿಗಿಯಾಗಿದ್ದವು, ಉತ್ತರ ಗೊತ್ತಿದ್ದವರ ಬೆರಳು.

"ಉಪ್ಪಾಗಿದೆ ಅತ್ತೆ."

ತೊಮೊಹಿರೊ, "ಏ, ಸ್ವಲ್ಪ," ಎಂದು ಏನೋ ಹೇಳಹೊರಟ. ಕಿನುಯೊ ಕೈಯೆತ್ತಿದಳು.

"ಕುಡಿಯೋಕಾಗುತ್ತಾ?"

"ಆಗಲ್ಲ."

"ಯಾವಾಗಿಂದ?"

"ಬೇಸಿಗೆ ಮುಗಿದಾಗಿಂದ."

"ಅವತ್ತು ಸೇತುವೆ ಮೇಲೆ ನಾನು ಕೇಳಿದಾಗ್ಲೂ?"

"ಆಗ್ಲೂ."

"ಯಾವ ಸೇತುವೆ?" ಅಂದ ತೊಮೊಹಿರೊ. ಅವನು ಉಪ್ಪಿನಕಾಯಿಯ ಬಟ್ಟಲಿನಲ್ಲಿ ಏನನ್ನೋ ಹುಡುಕಿದ.

ಕಿನುಯೊ ಮೊಮ್ಮಗಳ ಕಡೆ ತಿರುಗಿದಳು. "ನೀನು? ನಾನು ಕೊಟ್ಟ ಡಬ್ಬಿ ಏನು ಮಾಡ್ತಿದ್ದೆ?"

ಹಿನಾನೊ ತಲೆ ಎತ್ತಲಿಲ್ಲ. "ಮಾಹೊಗೆ ಕೊಡ್ತಿದ್ದೆ ಅಜ್ಜಿ. ಅವಳೂ ತಿಂತಿರ್ಲಿಲ್ಲ."

ಕಿನುಯೊ ಮೇಜಿಗೆ ಕೈ ಊರಿ ಎದ್ದಳು. ಮಂಡಿ ಲಟಕ್ಕೆಂದಿತು. ಅವಳು ಮಲಗುವ ಕೋಣೆಗೆ ಹೋಗಿ ಬಾಗಿಲು ಎಳೆದುಕೊಳ್ಳುತ್ತಾಳೆ ಎಂದು ಚಿಹಾರು ಅಂದುಕೊಂಡಳು. ತಾನೂ ಏಳಬೇಕು, ಹಿಂದೆಯೇ ಹೋಗಿ ನೆಲಕ್ಕೆ ಹಣೆ ಹಚ್ಚಬೇಕು. ಆದರೆ ಕಿನುಯೊ ಒಲೆಯ ಹತ್ತಿರ ಹೋಗಿ ಕೆಟಲಿ ಎತ್ತಿಕೊಂಡು ಬಂದಳು. ಮೊದಲು ಮೊಮ್ಮಗಳ ಬಟ್ಟಲಿಗೆ ಸುರಿದಳು. ಆಮೇಲೆ ಮಗನ ಬಟ್ಟಲಿಗೆ. ಆಮೇಲೆ ಚಿಹಾರುವಿನದಕ್ಕೆ, ಅಂಚಿನವರೆಗೆ.

"ಇಷ್ಟೇ ತಾನೇ," ಅಂದಳು. "ಬಿಸಿನೀರು. ಇದನ್ನೇನು ದುಡ್ಡು ಕೊಟ್ಟು ತರ್ಬೇಕಿತ್ತಾ?"

ಕೆಟಲಿಯನ್ನು ಒಲೆಯ ಮೇಲಿಟ್ಟು ಬಂದು ಕೂತಳು. "ಕುಡೀರಿ. ಈಗ ಹೇಳಿ."

ಹಿನಾನೊ ಕುಡಿದಳು. ಮೂಗು ಒರೆಸಿಕೊಂಡಳು. "ಈಗ ಸಪ್ಪೆ ಅಜ್ಜಿ."

"ಸಪ್ಪೆ," ಎಂದಳು ಕಿನುಯೊ, ಕಳೆದುಕೊಂಡ ಚಾಕುವನ್ನು ಮತ್ತೆ ಹಿಡಿದು ನೋಡುವವಳ ಹಾಗೆ. "ಸರಿ. ಹಿಂಗೆ ಹೇಳ್ಬೇಕು. ತೊಮೊಹಿರೊ?"

"ಸಪ್ಪೆ," ಅಂದ ತೊಮೊಹಿರೊ, ಕೇಳಿಸಿಯೂ ಕೇಳಿಸದ ಹಾಗೆ.

"ಚಿಹಾರು?"

ಚಿಹಾರು ಬಟ್ಟಲನ್ನು ಬಾಯಿಗೆ ಎತ್ತಿದಳು. ತಳದವರೆಗೂ ಕುಡಿದಳು. ಅತ್ತೆ ಕಾಯುತ್ತಿದ್ದಳು. ಸಾರು ಮುಗಿದು ಬಹಳ ಹೊತ್ತಾದರೂ ಚಿಹಾರು ಆ ಬಟ್ಟಲನ್ನು ಮುಖದಿಂದ ಇಳಿಸಲಿಲ್ಲ.